ಸಂಜೆ ಐದು ಗಂಟೆಗೆ ಬಂದ ಕರೆ



ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನೀವು ಬಲಿಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೀರಿ (ಮತ್ತಾಯ 20:1-16). ತೋಟದ ಯಜಮಾನ ಬೆಳಗಿನ ಜಾವದಲ್ಲೇ ಪೇಟೆಬೀದಿಗೆ ಹೋಗಿ ಆಳುಗಳನ್ನು ಗೊತ್ತುಮಾಡುತ್ತಾನೆ. ಒಂಬತ್ತು ಗಂಟೆಗೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಮತ್ತೆ ಹೋಗುತ್ತಾನೆ. ಕಡೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ಆಗಲೂ ಅಲ್ಲಿ ಕೆಲವರು ನಿಂತಿರುತ್ತಾರೆ. ದಿನವೆಲ್ಲಾ ಸುಮ್ಮನೆ ನಿಂತದ್ದೇಕೆಂದು ಅವನು ವಿಚಾರಿಸಿದರೆ, ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲೇ ಇಲ್ಲವೆಂದು ಉತ್ತರಿಸುತ್ತಾರೆ. ಅವರನ್ನೂ ಅವನು ತೋಟಕ್ಕೆ ಕಳುಹಿಸುತ್ತಾನೆ.

ಈ ಸಾಮತಿಯ ಮೇಲೆ ಪ್ರಬೋಧನೆ ಮಾಡುವಾಗ ನಾವು ಗುರುಗಳು ಸಾಮಾನ್ಯವಾಗಿ ಕೂಲಿ ಹಂಚುವ ಹೊತ್ತಿಗೆ ಓಡಿಬಿಡುತ್ತೇವೆ. ಮೊದಲು ಬಂದವರ ಗೊಣಗಾಟ, ಯಜಮಾನನ ಔದಾರ್ಯ, ಇವುಗಳ ಬಗ್ಗೆ ಮಾತಾಡುತ್ತೇವೆ. ಇಂದು ಸ್ವಲ್ಪ ಹೊತ್ತು ಆ ಪೇಟೆಬೀದಿಯಲ್ಲೇ ನಿಲ್ಲೋಣ. ಐದು ಗಂಟೆಯ ತನಕ ನಿಂತವರ ಮುಖವನ್ನು ನೋಡೋಣ.

ನಾಲ್ಕು ಸಲ ಯಜಮಾನ ಬಂದು ಹೋಗಿದ್ದಾನೆ. ನಾಲ್ಕು ಸಲವೂ ಬೇರೆಯವರು ಹೋದರು, ಇವರು ಉಳಿದರು. ಕೂಲಿಯಾಳುಗಳು ಸೇರುವ ಜಾಗವನ್ನು ಕಂಡವರಿಗೆ ಗೊತ್ತು: ಮೊದಲು ಆರಿಸಿಕೊಳ್ಳುವುದು ತೋಳ್ಬಲವಿರುವ ಯುವಕರನ್ನು. ನರೆಗೂದಲಿನವರು, ಬೆನ್ನು ಬಾಗಿದವರು ಹಿಂದೆ ಉಳಿಯುತ್ತಾರೆ. ಇನ್ನು ಒಂದು ಗಂಟೆಯಲ್ಲಿ ಕತ್ತಲಾಗುವಾಗ ಬೇರೆ ಯಾರಾದರೂ ಮನೆಗೆ ಹೋಗಿಬಿಡುತ್ತಿದ್ದರು. ಇವರು ಹೋಗಲಿಲ್ಲ. ಕರೆ ಬಂದಾಗ, ಇಷ್ಟು ತಡವಾಗಿ ಹೋಗಿ ಏನು ಪ್ರಯೋಜನವೆಂದು ಕೇಳಲಿಲ್ಲ. ಕೂಲಿ ಎಷ್ಟೆಂದು ಚೌಕಾಶಿಯನ್ನೂ ಮಾಡಲಿಲ್ಲ. ಎದ್ದು ಹೋದರು. ನನ್ನ ಮಟ್ಟಿಗೆ ಇದು ಶುಭಸಂದೇಶದ ಮರೆತುಹೋದ ಧೈರ್ಯಗಳಲ್ಲಿ ಒಂದು.

ನಮ್ಮ ನಡುವೆ ಇರುವ ಐದು ಗಂಟೆಯವರು

ಇಂಥವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. 2001ರ ಫೆಬ್ರವರಿ 28ರಂದು ಕೋಲಾರ ಚಿನ್ನದ ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷಗಳ ಕಾಲ ಅಜ್ಜ, ಅಪ್ಪ, ಮಗ ಎಂದು ತಲೆಮಾರುಗಳು ಇಳಿದ ಗಣಿಗಳವು. ಸುಮಾರು 3 ಕಿಲೋಮೀಟರ್ ಆಳದ ಕಾವಿನಲ್ಲಿ ಬಂಡೆ ಒಡೆಯಬಲ್ಲವರು, ಮೇಲೆ ಬಂದು ನಿಂತಾಗ ಕೈಯಲ್ಲಿ ಕೆಲಸವಿರಲಿಲ್ಲ. ಅವರಲ್ಲಿ ನಲವತ್ತು, ಐವತ್ತು ದಾಟಿದವರಿದ್ದರು. ಎಷ್ಟೋ ಮಂದಿ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬಂದರು. ಕಾವಲುಗಾರರಾಗಿ, ಕಟ್ಟಡದ ಕೆಲಸಗಾರರಾಗಿ, ಅಂಗಡಿಯ ಸಹಾಯಕರಾಗಿ ಹೊಸದಾಗಿ ಆರಂಭಿಸಿದರು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಮಿಕ್ಕಿದ ಭಾರತೀಯರು ತಾಯ್ನಾಡಿಗೆ ಮರಳಿದರು. ಕರಾವಳಿಯ ನಮ್ಮ ಎಷ್ಟೋ ಕುಟುಂಬಗಳಿಗೆ ಆ ನೆನಪು ಇನ್ನೂ ಹಸಿಯಾಗಿದೆ. ಎಚ್.ಎಂ.ಟಿ. ಕೈಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. 2020ರಲ್ಲಿ ಕೊರೋನಾ ಬಂದಾಗ ಹೋಟೆಲು, ಖಾಸಗಿ ಶಾಲೆ, ಟ್ಯಾಕ್ಸಿ, ಗಾರ್ಮೆಂಟ್ಸ್ ನಂಬಿಕೊಂಡಿದ್ದ ಮನೆಗಳ ಒಲೆ ಆರಿದ್ದನ್ನು ನಾವೆಲ್ಲರೂ ಕಂಡೆವು.

ಇನ್ನೂ ಕೆಲವರ ಸುದ್ದಿ ಪತ್ರಿಕೆಗಳಲ್ಲಿ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ನಲವತ್ತೈದರಲ್ಲಿ ಮೊದಲ ಸಲ ದುಡಿಯಲು ಹೊರಟ ತಾಯಿ. ಬೆನ್ನುಮೂಳೆಯ ತೊಂದರೆಯಿಂದ ಲಾರಿ ಓಡಿಸಲಾಗದ ಚಾಲಕ. ಬೆರಳಚ್ಚು ಯಂತ್ರದ ಮುಂದೆ ಇಪ್ಪತ್ತೈದು ವರ್ಷ ಕೂತು, ಈಗ ಕಂಪ್ಯೂಟರ್ ಬಾರದೆಂದು ಮನೆಗೆ ಕಳುಹಿಸಲ್ಪಟ್ಟ ಗುಮಾಸ್ತ. ಇವರೆಲ್ಲರೂ ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತಾರೆ: “ಸ್ವಾಮಿ, ಈ ವಯಸ್ಸಿನಲ್ಲಿ ಹೊಸದಾಗಿ ಏನು ಕಲಿಯೋದು? ಕಲಿತರೂ ಯಾರು ಕರೀತಾರೆ?”

ಭಯ ಯಾವುದರದು?

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇದನ್ನೇ ಬೇರೊಂದು ಅರ್ಥದಲ್ಲಿ ನಿಕೊದೇಮನು ಯೇಸುಸ್ವಾಮಿಯ ಬಳಿ ಕೇಳಿದ. ವಯಸ್ಸಾದವನು ಮತ್ತೆ ಹುಟ್ಟುವುದು ಹೇಗೆ ಎಂಬುದು ಅವನ ಪ್ರಶ್ನೆಯಾಗಿತ್ತು (ಯೊವಾನ್ನ 3:4). ಅವನು ಇಸ್ರಯೇಲಿನ ಬೋಧಕ, ಸಭೆಯ ಸದಸ್ಯ, ಗೌರವಸ್ಥ. ಅಂಥವನು ಇರುಳಲ್ಲಿ, ಯಾರೂ ನೋಡದ ಹೊತ್ತಿನಲ್ಲಿ ಯೇಸುವಿನ ಬಳಿಗೆ ಬಂದ. ಊರಿಗೆ ಗುರುವಾದವನು ಮತ್ತೆ ಶಿಷ್ಯನಾಗಿ ಕೂರುವುದು ಸುಲಭವಲ್ಲ.

ನಡುವಯಸ್ಸು ದಾಟಿದವರನ್ನು ಹಿಂಜರಿಯುವಂತೆ ಮಾಡುವುದು ಸಹ ಇದೇ ಎಂದು ನನಗೆ ತೋರುತ್ತದೆ. ದುಡಿಮೆಗೆ ನಮ್ಮ ಜನ ಹೆದರುವವರಲ್ಲ. ಹೆದರುವುದು ಕಲಿಯುವವರಾಗುವುದಕ್ಕೆ. ನಿನ್ನೆಯ ತನಕ ಹತ್ತು ಮಂದಿಗೆ ಕೆಲಸ ಹೇಳಿಕೊಟ್ಟ ಮೇಸ್ತ್ರಿ, ಇಂದು ಮಗನ ವಯಸ್ಸಿನ ಹುಡುಗನಿಂದ ಹೇಳಿಸಿಕೊಳ್ಳಬೇಕು. ತಪ್ಪು ಮಾಡಿದರೆ ಅವನು ನಗುತ್ತಾನೆ. ಭಾನುವಾರ ಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದರೆ, ಈಗ ಎಲ್ಲಿ ಕೆಲಸವೆಂದು ಯಾರಾದರೂ ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಅಂಜಿ ಪೂಜೆ ಮುಗಿಯುವ ಮೊದಲೇ ಹಿಂಬಾಗಿಲಿನಿಂದ ಹೊರಟುಹೋಗುವವರಿದ್ದಾರೆ.

ಈ ನಾಚಿಕೆಯ ಬೇರು ಎಲ್ಲಿದೆ? ನಾವು ಮಾಡುವ ಕೆಲಸವೇ ನಾವು ಎಂದು ನಂಬಿಬಿಟ್ಟಿದ್ದೇವೆ. ಕೆಲಸ ಹೋದರೆ ನಾವೇ ಹೋದಂತೆ, ಕೆಲಸ ಸಣ್ಣದಾದರೆ ನಾವೇ ಸಣ್ಣವರಾದಂತೆ ಅನ್ನಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪೌಲರು ಮಾನವನ ದುಡಿಮೆಯ ಬಗ್ಗೆ 1981ರಲ್ಲಿ ಒಂದು ವಿಶ್ವಪತ್ರ ಬರೆದರು. ಯೌವನದಲ್ಲಿ ಅವರು ಪೋಲೆಂಡಿನಲ್ಲಿ ಕಲ್ಲುಗಣಿಯಲ್ಲೂ ರಾಸಾಯನಿಕ ಕಾರ್ಖಾನೆಯಲ್ಲೂ ದುಡಿದವರು. ಕೆಲಸದ ಬೆಲೆಯನ್ನು ಅಳೆಯಬೇಕಾದದ್ದು ಮೊದಲಿಗೆ ಅದನ್ನು ಮಾಡುವವರಿಂದ, ಏಕೆಂದರೆ ಮಾಡುವವನು ಒಬ್ಬ ಮನುಷ್ಯ, ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು. ಇದು ಆ ಪತ್ರದ ತಿರುಳು. ಇದನ್ನು ನಾವು ನಿಜವಾಗಿ ನಂಬಿದರೆ, ಗಣಿಯ ಮೇಸ್ತ್ರಿಯಾಗಿದ್ದಾಗ ಇದ್ದ ಘನತೆಯಲ್ಲಿ ರಾತ್ರಿ ಪಾಳಿಯ ಕಾವಲುಗಾರನಾದಾಗ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಧೈರ್ಯ ಎಂದರೇನು?

ಧೈರ್ಯ ಎಂದೊಡನೆ ನಮಗೆ ಕತ್ತಿ ಹಿಡಿದ ವೀರ ನೆನಪಾಗುತ್ತಾನೆ. ಸಂತ ಥಾಮಸ್ ಅಕ್ವಿನಾಸರು ಧೈರ್ಯವೆಂಬ ಸದ್ಗುಣವನ್ನು ವಿವರಿಸುವಾಗ ಬೇರೆ ರೀತಿಯಲ್ಲಿ ಹೇಳುತ್ತಾರೆ. ಅವರ ಪ್ರಕಾರ ಧೈರ್ಯದ ಮುಖ್ಯ ಕೆಲಸ ದಾಳಿ ಮಾಡುವುದಲ್ಲ, ತಾಳಿಕೊಂಡು ನಿಲ್ಲುವುದು. ಕಷ್ಟದ ನಡುವೆಯೂ ಒಳಿತನ್ನು ಬಿಟ್ಟು ಓಡದಿರುವುದು. ಐದು ಗಂಟೆಯ ತನಕ ಪೇಟೆಬೀದಿಯಲ್ಲಿ ನಿಂತವರಲ್ಲಿ ಇದ್ದದ್ದು ಈ ಧೈರ್ಯವೇ.

ಅವರು ಇನ್ನೊಂದು ಮಾತು ಹೇಳುತ್ತಾರೆ. ತನ್ನ ಶಕ್ತಿಗೆ ಮೀರಿದ್ದಕ್ಕೆ ಕೈಹಾಕುವುದು ಹೇಗೆ ತಪ್ಪೋ, ತನ್ನ ಶಕ್ತಿಗೆ ಎಟಕುವುದನ್ನು ಅಳುಕಿನಿಂದ ಬಿಟ್ಟುಬಿಡುವುದೂ ಹಾಗೆಯೇ ತಪ್ಪು. ಅದನ್ನು ಅವರು ಅಲ್ಪಮನಸ್ಸು ಎಂಬ ಅರ್ಥ ಬರುವ ಹೆಸರಿನಿಂದ ಕರೆಯುತ್ತಾರೆ. ಅದಕ್ಕೆ ಅವರು ಕೊಡುವ ಉದಾಹರಣೆ, ಯಜಮಾನ ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕ (ಮತ್ತಾಯ 25). ಆ ಸೇವಕ ಹಣವನ್ನು ಕದಿಯಲಿಲ್ಲ, ಕುಡಿದು ಕಳೆಯಲಿಲ್ಲ. ಅವನು ಹೆದರಿದ. ಹೆದರಿಕೆಯನ್ನೇ ಜಾಣತನವೆಂದು ತಿಳಿದ. ನಾವು “ನನ್ನಿಂದ ಇನ್ನೇನಾಗುತ್ತದೆ” ಎಂದು ಹೇಳುವಾಗ ಅದು ವಿನಯದಂತೆ ಕೇಳಿಸುತ್ತದೆ. ಕೆಲವೊಮ್ಮೆ ಅದು ದೇವರು ಕೊಟ್ಟದ್ದನ್ನು ಮಣ್ಣಿನಲ್ಲಿ ಹೂಳುವ ಸದ್ದು.

ಹುಡುಗರ ಜೊತೆ ಬೆಂಚಿನ ಮೇಲೆ

ಲೊಯೋಲದ ಸಂತ ಇಗ್ನಾಸಿಯವರ ಬದುಕಿನ ಒಂದು ಭಾಗ ನಮ್ಮಲ್ಲಿ ಹೆಚ್ಚಾಗಿ ಪ್ರಸ್ತಾಪವಾಗುವುದಿಲ್ಲ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿದದ್ದು, ಹಾಸಿಗೆಯಲ್ಲಿ ಯೇಸುಸ್ವಾಮಿಯ ಮತ್ತು ಸಂತರ ಜೀವನ ಓದಿ ಮನಪರಿವರ್ತನೆ ಹೊಂದಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಏನಾಯಿತು? ಆತ್ಮಗಳಿಗೆ ಸೇವೆ ಮಾಡಬೇಕಾದರೆ ಓದು ಬೇಕೆಂದು ಅವರಿಗೆ ಮನವರಿಕೆಯಾಯಿತು. ಓದಿಗೆ ಲತೀನ್ ಭಾಷೆ ಬೇಕು. ಅವರಿಗೆ ಅದು ಬರುತ್ತಿರಲಿಲ್ಲ. ಆಸ್ಥಾನದಲ್ಲಿ ಬೆಳೆದ ಈ ಗಣ್ಯ ಮನೆತನದ ಯೋಧ, ಮೂವತ್ತು ದಾಟಿದ ಮೇಲೆ, 1524ರಲ್ಲಿ ಬಾರ್ಸಿಲೋನದಲ್ಲಿ ವ್ಯಾಕರಣದ ಮೊದಲ ಪಾಠಕ್ಕೆ ಕೂತರು. ಅಲ್ಲಿಂದ ಬೇರೆ ಎರಡು ಊರುಗಳಲ್ಲಿ ಓದಿ, 1528ರಲ್ಲಿ ಪ್ಯಾರಿಸಿಗೆ ಹೋದಾಗ ತಮ್ಮ ತಳಪಾಯ ಇನ್ನೂ ಗಟ್ಟಿಯಾಗಿಲ್ಲವೆಂದು ಅವರಿಗೆ ಗೊತ್ತಾಯಿತು. ಮತ್ತೆ ಚಿಕ್ಕ ಹುಡುಗರ ಜೊತೆ ಕೂತು ಮೊದಲಿನಿಂದ ಕಲಿತರು. ಆಗ ಅವರಿಗೆ ಮೂವತ್ತೇಳರ ಆಸುಪಾಸು.

ಇಗ್ನಾಸಿಯವರು ತಮ್ಮ ಆತ್ಮಕಥನದಲ್ಲಿ ಒಂದು ಸ್ವಾರಸ್ಯವನ್ನು ಹೇಳಿದ್ದಾರೆ. ವ್ಯಾಕರಣ ಬಾಯಿಪಾಠ ಮಾಡಲು ಕೂತೊಡನೆ ಅವರಿಗೆ ಸೊಗಸಾದ ಧ್ಯಾನದ ಯೋಚನೆಗಳು ಉಕ್ಕಿ ಬರುತ್ತಿದ್ದವು. ಪ್ರಾರ್ಥನೆಗೆ ಕೂತಾಗಲೂ ಬಾರದ ಭಕ್ತಿ ಪಾಠಕ್ಕೆ ಕೂತಾಗ ಬರುತ್ತಿತ್ತು. ಇದು ಶೋಧನೆ ಎಂದು ಅವರು ಗುರುತಿಸಿದರು. ನೇರವಾಗಿ ಉಪಾಧ್ಯಾಯರ ಬಳಿಗೆ ಹೋಗಿ ವಿಷಯ ತಿಳಿಸಿದರು. ತಿನ್ನಲು ರೊಟ್ಟಿ, ಕುಡಿಯಲು ನೀರು ಸಿಕ್ಕುವ ತನಕ ಎರಡು ವರ್ಷ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಕಲಿಯುವ ಬೇಸರದಿಂದ ತಪ್ಪಿಸಿಕೊಳ್ಳಲು ನಮ್ಮ ಮನಸ್ಸು ಎಷ್ಟು ಪವಿತ್ರವಾದ ನೆವವನ್ನಾದರೂ ಹುಡುಕುತ್ತದೆ, ನೋಡಿ! ಅವರು 1537ರಲ್ಲಿ ಗುರುದೀಕ್ಷೆ ಪಡೆದರು. 1540ರಲ್ಲಿ ಯೇಸು ಸಭೆಗೆ ಜಗದ್ಗುರುಗಳ ಒಪ್ಪಿಗೆ ಸಿಕ್ಕಿದಾಗ ಅವರಿಗೆ ಐವತ್ತು ಹತ್ತಿರವಾಗಿತ್ತು.

ನಮ್ಮ ನಾಡಿನಲ್ಲೇ ಮತ್ತೊಂದು ಉದಾಹರಣೆ ಇದೆ. ಮದರ್ ತೆರೇಸಾರವರು ಕಲ್ಕತ್ತದ ಎಂಟಾಲಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಸುಮಾರು ಇಪ್ಪತ್ತು ವರ್ಷ ಲೊರೆಟೊ ಸಭೆಯಲ್ಲಿ ಕಳೆದು, 1948ರ ಆಗಸ್ಟ್‌ನಲ್ಲಿ ಮೂವತ್ತೆಂಟರ ಹೊಸ್ತಿಲಲ್ಲಿ ಅಲ್ಲಿಂದ ಹೊರಬಂದರು. ಬಂದವರು ನೇರವಾಗಿ ಕೊಳೆಗೇರಿಗೆ ಧುಮುಕಲಿಲ್ಲ. ಮೊದಲು ಪಾಟ್ನಾಕ್ಕೆ ಹೋಗಿ, ಅಲ್ಲಿನ ಆಸ್ಪತ್ರೆಯ ಕನ್ಯಾಸ್ತ್ರೀಯರ ಬಳಿ ರೋಗಿಗಳ ಶುಶ್ರೂಷೆಯ ಪ್ರಾಥಮಿಕ ಪಾಠಗಳನ್ನು ಕಲಿತರು. ಮುಖ್ಯೋಪಾಧ್ಯಾಯಿನಿ ಮತ್ತೆ ವಿದ್ಯಾರ್ಥಿನಿಯಾದರು. ಆಮೇಲೆ ಮೋತಿಝೀಲ್‌ನ ಕೊಳೆಗೇರಿಯಲ್ಲಿ ಕಪ್ಪುಹಲಗೆ ಇಲ್ಲದಾಗ ಕೋಲಿನಿಂದ ನೆಲದ ಮೇಲೆ ಅಕ್ಷರ ಬರೆದು ಮಕ್ಕಳಿಗೆ ಕಲಿಸಿದರು. ಲೊರೆಟೊದಲ್ಲಿ ಕಲಿಸಿದ ಅನುಭವ ಅಲ್ಲಿ ವ್ಯರ್ಥವಾಗಲಿಲ್ಲ.

ಕೈಯಲ್ಲಿರುವ ಕೋಲು

ಉರಿಯುವ ಪೊದೆಯ ಮುಂದೆ ಮೋಶೆ ಒಂದೊಂದಾಗಿ ನೆವಗಳನ್ನು ಹೇಳುತ್ತಾನೆ. ತಾನು ಎಷ್ಟರವನು, ಜನ ನಂಬುವುದಿಲ್ಲ, ನಾಲಿಗೆ ತೊದಲುತ್ತದೆ. ಅವನು ಫರೋಹನ ಮುಂದೆ ನಿಂತಾಗ ಎಂಬತ್ತು ವರ್ಷವಾಗಿತ್ತೆಂದು ವಿಮೋಚನಾಕಾಂಡ ಹೇಳುತ್ತದೆ (7:7). ಸರ್ವೇಶ್ವರ ಅವನ ಜೊತೆ ವಾದಕ್ಕೆ ನಿಲ್ಲುವುದಿಲ್ಲ. ಕೈಯಲ್ಲಿ ಹಿಡಿದಿರುವುದು ಏನೆಂದು ಕೇಳುತ್ತಾರೆ (4:2). ಇದ್ದದ್ದು ಕುರಿ ಕಾಯುವ ಕೋಲು, ಹಳೆಯ ಕಸುಬಿನ ಕೋಲು. ಅದೇ ಕೋಲನ್ನು ಹಿಡಿದುಕೊಂಡು ಹೋಗಲು ಸರ್ವೇಶ್ವರ ಹೇಳುತ್ತಾರೆ. ಮುಂದೆ ಕಡಲಿನ ಮೇಲೆ ಚಾಚಿದ್ದೂ ಬಂಡೆಗೆ ಹೊಡೆದದ್ದೂ ಕೋಲನ್ನೇ.

ಪ್ರಿಯರೇ, ಈ ವಾರ ಒಂದು ಸಂಜೆ ಶಾಂತವಾಗಿ ಕೂತು ಇದೇ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ: ನಮ್ಮ ಕೈಯಲ್ಲಿ ಏನಿದೆ? ಮೂವತ್ತು ವರ್ಷ ಮನೆ ನಡೆಸಿದ ತಾಯಿಯ ಕೈಯಲ್ಲಿ ಅಡುಗೆಯ ಹದವಿದೆ, ಲೆಕ್ಕವಿದೆ, ರೋಗಿಯ ಬಳಿ ರಾತ್ರಿ ಎಚ್ಚರವಿದ್ದ ತಾಳ್ಮೆಯಿದೆ. ಗಣಿಯಲ್ಲಿ ದುಡಿದವನಿಗೆ ಅಪಾಯದ ವಾಸನೆ ಗೊತ್ತು, ಜೊತೆಗಾರನ ಜೀವ ಕಾಯುವುದು ಗೊತ್ತು. ಲಾರಿ ಚಾಲಕನಿಗೆ ಹತ್ತು ಜಿಲ್ಲೆಗಳ ದಾರಿ, ಮೂರು ಭಾಷೆ ಗೊತ್ತು. ಹೊಸ ಕೆಲಸವೆಂದರೆ ಹಳೆಯದನ್ನೆಲ್ಲ ಎಸೆದುಬರುವುದಲ್ಲ. ಕೋಲು ಅದೇ, ದಾರಿ ಬೇರೆ.

ಗೋಪುರ ಕಟ್ಟುವ ಮೊದಲು

ಇಷ್ಟು ಹೇಳಿ ನಿಮ್ಮನ್ನು ಕಣ್ಣು ಮುಚ್ಚಿ ಹಾರಿ ಎಂದು ಕಳುಹಿಸಿದರೆ ನಾನು ಶುಭಸಂದೇಶಕ್ಕೆ ನಿಷ್ಠನಾಗಿ ನಡೆದಂತಾಗುವುದಿಲ್ಲ. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಲೂಕ 14:28). ಅವರು ಇದನ್ನು ಹೇಳಿದ್ದು ಶಿಷ್ಯತ್ವದ ಬೆಲೆಯ ಬಗ್ಗೆ. ಆದರೂ ಲೌಕಿಕ ಬದುಕಿಗೂ ಇದು ಅಷ್ಟೇ ಸತ್ಯ. ಆದ್ದರಿಂದ ಕೆಲವು ಮಾತುಗಳನ್ನು ನೆನಪಿಡಿ.

ಮೊದಲನೆಯದು: ಮನಸ್ಸು ಕುಗ್ಗಿದ ಹೊತ್ತಿನಲ್ಲಿ ದೊಡ್ಡ ತೀರ್ಮಾನ ಮಾಡಬೇಡಿ. ಕತ್ತಲು ಕವಿದಾಗ, ಹಿಂದೆ ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬಾರದೆಂಬುದು ಸಂತ ಇಗ್ನಾಸಿಯವರ ಆಧ್ಯಾತ್ಮಿಕ ನಿಯಮಗಳಲ್ಲಿ ಒಂದು. ಮೇಲಧಿಕಾರಿಯ ಮೇಲಿನ ಸಿಟ್ಟಿನಲ್ಲಿ ರಾಜೀನಾಮೆ ಬರೆಯುವುದು ಧೈರ್ಯವಲ್ಲ.

ಎರಡನೆಯದು: ಪ್ರಾವಿಡೆಂಟ್ ಫಂಡ್, ಗ್ರಾಚ್ಯುಟಿ ಎಂದು ಬಂದ ಹಣವನ್ನೆಲ್ಲ ಗೊತ್ತಿಲ್ಲದ ವ್ಯಾಪಾರಕ್ಕೆ ಒಮ್ಮೆಗೇ ಸುರಿಯಬೇಡಿ. ಮೀಟರ್ ಬಡ್ಡಿಗೆ ಸಾಲ ತರಬೇಡಿ. ಅಂಗಡಿ ತೆರೆಯುವ ಆಸೆಯಿದ್ದರೆ ಆರು ತಿಂಗಳು ಬೇರೆಯವರ ಅಂಗಡಿಯಲ್ಲಿ ದುಡಿದು ನೋಡಿ. ಓದಬೇಕೆಂದರೆ 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇರುವುದೇ ದುಡಿಯುತ್ತಾ ಓದುವವರಿಗಾಗಿ.

ಮೂರನೆಯದು: ಗಂಡಹೆಂಡಿರು ಕೂಡಿ ಮಾತಾಡಿ, ಕೂಡಿ ಪ್ರಾರ್ಥಿಸಿ. ಕೆಲಸ ಹೋದ ಸುದ್ದಿಯನ್ನು ಹೆಂಡತಿಗೆ ಹೇಳದೆ, ದಿನವೂ ಊಟದ ಡಬ್ಬಿ ಹಿಡಿದು ಹೊರಟು ಪಾರ್ಕಿನಲ್ಲಿ ಕೂರುವ ಗಂಡಸರಿದ್ದಾರೆ. ವಿವಾಹ ಸಂಸ್ಕಾರದ ದಿನ ಸುಖದಲ್ಲೂ ಕಷ್ಟದಲ್ಲೂ ಜೊತೆಯಿರುತ್ತೇವೆಂದು ಕೊಟ್ಟ ಮಾತು ಇಂಥ ದಿನಗಳಿಗಾಗಿಯೇ.

ಮನೆಯವರಿಗೆ, ಧರ್ಮಕೇಂದ್ರದವರಿಗೆ

ಐದು ಗಂಟೆಯವರು ತಮ್ಮಷ್ಟಕ್ಕೆ ತಾವೇ ತೋಟಕ್ಕೆ ಹೋಗಲಿಲ್ಲ. ಒಬ್ಬರು ಬಂದು ಕರೆದರು. ಹೀಗೆ ಕರೆಯುವ ಹೊಣೆ ನಮ್ಮೆಲ್ಲರದು.

ಮಕ್ಕಳೇ, ನಿಮ್ಮ ಅಪ್ಪ ಕಂಪ್ಯೂಟರಿನ ಮುಂದೆ ಒಂದೊಂದೇ ಅಕ್ಷರ ಹುಡುಕಿ ಒತ್ತುವಾಗ ನಗಬೇಡಿ. ನಿಮಗೆ ಅ ಆ ಇ ಈ ತಿದ್ದಿಸುವಾಗ ಅವರು ನಗಲಿಲ್ಲ. ಅಮ್ಮ ಐವತ್ತರಲ್ಲಿ ಹೊಲಿಗೆ ತರಗತಿಗೆ ಹೋಗುತ್ತೇನೆಂದರೆ, ಬಂಧುಗಳ ಮುಂದೆ ಅದನ್ನು ತಮಾಷೆ ಮಾಡಬೇಡಿ.

ಸಂತ ಪೌಲರು ಕೊರಿಂಥಕ್ಕೆ ಬಂದಾಗ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿ ಅವರನ್ನು ಮನೆಯಲ್ಲಿ ಇರಿಸಿಕೊಂಡರು. ಮೂವರ ಕಸುಬೂ ಒಂದೇ, ಗುಡಾರ ಮಾಡುವುದು (ಪ್ರೇಷಿತರ ಕಾರ್ಯಕಲಾಪಗಳು 18:1-3). ಆ ದಂಪತಿ ತಾವೂ ರೋಮಿನಿಂದ ಹೊರಗಟ್ಟಲ್ಪಟ್ಟು ಬಂದವರು, ಹೊಸ ಊರಲ್ಲಿ ಹೊಸದಾಗಿ ಅಂಗಡಿ ಹೂಡಿದವರು. ತಾವು ನೆಲೆ ನಿಂತೊಡನೆ ಇನ್ನೊಬ್ಬರಿಗೆ ಕೆಲಸದಲ್ಲಿ ಜಾಗ ಬಿಟ್ಟುಕೊಟ್ಟರು. ನಮ್ಮ ವಿನ್ಸೆಂಟ್ ದಿ ಪಾಲ್ ಸಭೆಗಳು, ಸ್ವಸಹಾಯ ಸಂಘಗಳು, ಕುಟುಂಬ ಬಳಗಗಳು ಹೀಗೆ ಯೋಚಿಸಲಿ. ಅಕ್ಕಿಯ ಚೀಲ ಕೊಡುವುದು ಒಳ್ಳೆಯದು. ಹೊಲಿಗೆ ಯಂತ್ರ, ಬಡಗಿಯ ಹತಾರಗಳು, ಒಂದು ಶಿಫಾರಸಿನ ಮಾತು ಇನ್ನೂ ಒಳ್ಳೆಯದು. ವ್ಯಾಪಾರವಿರುವ ಕ್ರೈಸ್ತ ಬಂಧುಗಳೇ, ಆಳು ಬೇಕಾದಾಗ ನರೆಗೂದಲನ್ನು ನೋಡಿ ಮುಖ ತಿರುಗಿಸಬೇಡಿ. ದೇವಾಲಯದ ಅಂಗಳದಲ್ಲಿ ಭೇಟಿಯಾದಾಗ, ಎಲ್ಲಿ ಕೆಲಸವೆಂದು ಕೇಳುವ ಮೊದಲು ಹೇಗಿದ್ದೀರಿ ಎಂದು ಕೇಳಿ.

ಗೆಲ್ಲದಿದ್ದರೆ?

ಈ ಪ್ರಶ್ನೆಯನ್ನು ನುಂಗಿಬಿಡುವುದು ಸರಿಯಲ್ಲ. ಹೊಸದಾಗಿ ಆರಂಭಿಸಿದವರೆಲ್ಲರೂ ಗೆಲ್ಲುವುದಿಲ್ಲ. ಕೆಲವು ಅಂಗಡಿಗಳು ಮುಚ್ಚುತ್ತವೆ. ಕೆಲವರಿಗೆ ಹಳೆಯ ಸಂಬಳದ ಅರ್ಧವೂ ಸಿಕ್ಕುವುದಿಲ್ಲ. ಚಿನ್ನದ ಗಣಿಯಿಂದ ಹೊರಬಂದು ಬೆಂಗಳೂರಿನ ಯಾವುದೋ ಗೇಟಿನ ಬಳಿ ಕೂತವರಿಗೆ ತಮ್ಮ ಹಳೆಯ ಕಸುಬು ಮತ್ತೆ ಸಿಗಲಿಲ್ಲ. ಧೈರ್ಯ ಮಾಡಿದವರಿಗೆ ದೇವರು ಹಣ ಸುರಿಸುತ್ತಾರೆಂದು ಬೋಧಿಸುವವರಿದ್ದಾರೆ. ಶಿಲುಬೆಯ ಮೇಲೆ ಮರಣ ಹೊಂದಿದ ಪ್ರಭುವಿನ ಹೆಸರಿನಲ್ಲಿ ನಾನು ಅಂಥ ಭರವಸೆ ಕೊಡಲಾರೆ.

ಆದರೆ ಸಾಮತಿಯ ಕೊನೆಯನ್ನು ಈಗ ನೋಡಿ. ಐದು ಗಂಟೆಗೆ ಬಂದವರು ಒಂದು ಗಂಟೆ ದುಡಿದರು. ಒಂದು ಗಂಟೆಯಲ್ಲಿ ಎಷ್ಟು ಗೊಂಚಲು ಕೊಯ್ದಿರಬಹುದು? ಯಜಮಾನ ಬುಟ್ಟಿಯನ್ನು ತೂಗಲಿಲ್ಲ. ಇಡೀ ದಿನದ ಕೂಲಿ ಕೊಟ್ಟ. ಒಂದು ದಿನದ ಕೂಲಿ ಎಂದರೆ ಅಂದು ರಾತ್ರಿ ಒಂದು ಕುಟುಂಬ ಉಣ್ಣುವಷ್ಟು. ಮನೆಯಲ್ಲಿ ಎಷ್ಟು ಬಾಯಿಗಳಿವೆ ಎಂಬುದನ್ನು ಆ ಯಜಮಾನ ಲೆಕ್ಕಕ್ಕೆ ತೆಗೆದುಕೊಂಡ. ನಮ್ಮ ದೇವರು ಅಂಥವರು. ಎಷ್ಟು ಗಳಿಸಿದಿರಿ ಎಂದು ಲೋಕ ಕೇಳಬಹುದು. ಕರೆದಾಗ ಎದ್ದು ಬಂದಿರಾ ಎಂಬುದನ್ನಷ್ಟೇ ದೇವರು ನೋಡುತ್ತಾರೆ.

ನಜರೇತಿನ ಬಡಗಿ ಸಂತ ಜೋಸೆಫರು ದುಡಿಯುವವರ ಪಾಲಕರು. ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಓಡಿದಾಗ ಅವರಿಗೂ ಪರದೇಶದಲ್ಲಿ ಕೆಲಸ ಹುಡುಕಬೇಕಾಗಿ ಬಂದಿರಬೇಕು. ಅವರ ನೆರವನ್ನು ಬೇಡುತ್ತಾ ನಾವೆಲ್ಲರೂ ಪ್ರಾರ್ಥಿಸೋಣ:

ತಂದೆಯಾದ ದೇವರೇ, ಹೊತ್ತು ಮುಳುಗುವ ತನಕ ನಮ್ಮನ್ನು ಹುಡುಕಿಕೊಂಡು ಬರುವವರು ನೀವು. ಕೆಲಸ ಕಳೆದುಕೊಂಡು ಪೇಟೆಬೀದಿಯಲ್ಲಿ ನಿಂತಿರುವ ನಮ್ಮ ಸಹೋದರ ಸಹೋದರಿಯರ ಮೇಲೆ ಕೃಪೆಯಿಡಿ. ಮತ್ತೆ ಕಲಿಯುವ ವಿನಯವನ್ನು, ನಗೆಯನ್ನು ತಾಳುವ ಧೈರ್ಯವನ್ನು, ಲೆಕ್ಕ ಹಾಕುವ ವಿವೇಕವನ್ನು ಅವರಿಗೆ ಕೊಡಿ. ಅವರನ್ನು ಕರೆಯುವ ದನಿ ನಮ್ಮದಾಗಲಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.